ಹೋಟೆಲಿನ ಬಾಗಿಲಲ್ಲಿ ನಿಂತ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಹಸಿವು. ದುಃಖ ಆಮೇಲೆ ಬಂತು. ಸತ್ತವರ ಬಗ್ಗೆ ಹೀಗೆ ಬರೆಯಬಹುದೇ, ಬಾರದೇ ಎಂದು ಲೆಕ್ಕ ಹಾಕುತ್ತ ಕೂರುವ ಅಭ್ಯಾಸ ನನಗಿಲ್ಲ. ಆ ಅಭ್ಯಾಸ ಅವರದು. ಅದರಿಂದ ನಾನು ಪಟ್ಟ ಪಾಡನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮಹಾರಾಜರ ಕಾಲದಲ್ಲಿ ನಾವಿಬ್ಬರೂ ಮಧುಗಿರಿಯ ಮಿಡ್ಲ್ ಸ್ಕೂಲಿನ ಉಪಾಧ್ಯಾಯರು. ಅವರು ಚರಿತ್ರೆ ಹೇಳುತ್ತಿದ್ದರು, ನಾನು ಲೆಕ್ಕ. ನಾನು ಓದಿದ್ದು ಮಠದ ಅನ್ನದಲ್ಲಿ. ಅಲ್ಲಿ ಗಂಟೆ ಹೊಡೆದರೆ ಸ್ನಾನ, ಗಂಟೆ ಹೊಡೆದರೆ ಲಿಂಗಪೂಜೆ, ಗಂಟೆ ಹೊಡೆದರೆ ಪಂಕ್ತಿಯಲ್ಲಿ ಊಟ. ಎಲೆಯ ಮೇಲೆ ಬಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡು ಏಳಬೇಕು. ಹಿಡಿಸಿತೇ ಇಲ್ಲವೇ ಎಂದು ಯಾರೂ ಕೇಳುತ್ತಿರಲಿಲ್ಲ, ನಮಗೂ ಹೇಳಬೇಕೆನಿಸುತ್ತಿರಲಿಲ್ಲ. ಹಾಗೆ ಬೆಳೆದ ನನಗೆ, ಊಟದ ಹೋಟೆಲಿನ ಮುಂದೆ ನಿಂತು ಒಳಗೆ ಹೋಗುವುದೋ ಬೇಡವೋ ಎಂದು ವಿಚಾರ ಮಾಡುವ ಮನುಷ್ಯನೊಬ್ಬ ಲೋಕದಲ್ಲಿ ಇರಬಹುದೆಂಬ ಕಲ್ಪನೆಯೇ ಇರಲಿಲ್ಲ.

ಅವರು ಎತ್ತರದ ಆಳು. ಕಪ್ಪು ಕೋಟು, ಬಿಳಿಯ ಪೇಟ, ಹಣೆಯ ತುಂಬ ವಿಭೂತಿ. ಹೋಟೆಲು ಕಂಡೊಡನೆ ಒಂದು ಕಾಲನ್ನು ಅದರ ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ಬೀದಿಯಲ್ಲೇ ಉಳಿಸಿಕೊಂಡು, ಕತ್ತು ಮುಂದೆ ಚಾಚಿ ಗಾಳಿಯನ್ನು ಮೂಸುವರು. ಆಮೇಲೆ ಹಿತ್ತಲಿಗೆ ಹೋಗಿ ಎಸೆದ ಮುತ್ತುಗದ ಎಲೆಗಳನ್ನು ನೋಡುವರು.

"ಒಳಗಿರೋರು ಏನು ಬೇಕಾದ್ರೂ ಹೇಳ್ತಾರೆ. ಎಸೆದ ಎಲೆ ಮಾತ್ರ ಸುಳ್ಳು ಹೇಳಲ್ಲ ಕಣ್ರೀ" ಎನ್ನುವರು. "ನೋಡಿ, ಪಲ್ಯ ಎಲ್ಲಾ ಎಲೇಲೂ ಉಳಿದಿದೆ."

ಹಿತ್ತಲಿಂದ ಬಂದು ಬಾವಿ ನೋಡುವರು. ಉಂಡು ಹೊರಬರುವವರ ಮುಖ ನೋಡುವರು. ಅಡುಗೆಯವನ ಊರು ಯಾವುದೆಂದು ವಿಚಾರಿಸುವರು. ಹೋಟೆಲಿನ ಬೆಕ್ಕು ಬಡಕಲಾಗಿದ್ದರೆ ಹಾಲಿಗೆ ನೀರು ಬೆರೆಸುತ್ತಾರೆಂದೂ, ಕೊಬ್ಬಿದ್ದರೆ ಅಡುಗೆಮನೆಗೆ ಬಾಗಿಲಿಲ್ಲವೆಂದೂ ಅರ್ಥ ಮಾಡುವರು. ಎರಡರಲ್ಲಿ ಯಾವ ಬೆಕ್ಕಿದ್ದರೂ ನಮಗೆ ಊಟವಿಲ್ಲ. ಎಲ್ಲ ಮುಗಿದ ಮೇಲೆ "ಆಗಬಹುದು" ಎನ್ನುವರು. ನಾನು ಚಪ್ಪಲಿ ಬಿಡುವಷ್ಟರಲ್ಲಿ "ಆದ್ರೆ" ಎಂದು ಶುರುಮಾಡುವರು. ಆ "ಆದ್ರೆ"ಯ ಬೆನ್ನಿಗೆ ಬರುತ್ತಿದ್ದದ್ದು ನನ್ನ ಉಪವಾಸ.

ಪಾಠದಲ್ಲೂ ಹೀಗೇ. ಯಾವ ಯುದ್ಧದಲ್ಲೂ ಯಾರ ಕಡೆ ನ್ಯಾಯವಿತ್ತೆಂದು ಅವರು ಮಕ್ಕಳಿಗೆ ಕೊನೆಯವರೆಗೂ ಹೇಳಲಿಲ್ಲ.

ಪರೀಕ್ಷೆಯ ಮೇಲ್ವಿಚಾರಣೆಗೆ ನಮ್ಮಿಬ್ಬರನ್ನೂ ಒಟ್ಟಿಗೆ ಹೊರಗಿನ ಊರುಗಳಿಗೆ ಹಾಕುತ್ತಿದ್ದರು. ಹೆಡ್‌ಮಾಸ್ಟರಿಗೆ ನನ್ನ ಮೇಲೆ ಏನು ಸಿಟ್ಟಿತ್ತೋ ತಿಳಿಯದು. ಒಮ್ಮೆ ಶಿರಾದಲ್ಲಿ ಜಟಕಾ ಹತ್ತಿ ಊಟಕ್ಕೆ ಹೊರಟೆವು. ಮೊದಲ ಹೋಟೆಲಿನಲ್ಲಿ ಹೊಗೆ. ಎರಡನೆಯದರಲ್ಲಿ ನೆಲ ಒದ್ದೆ. ಮೂರನೆಯದರಲ್ಲಿ ಎಲ್ಲವೂ ಸರಿಯಾಗಿತ್ತು. ಅದೇ ಅವರಿಗೆ ಸಂದೇಹ.

"ಇಷ್ಟು ಚೊಕ್ಕಟ ಇದೆ, ಒಬ್ಬ ಗಿರಾಕೀನೂ ಇಲ್ವಲ್ಲ? ಏನೋ ಇರಬೇಕು."

ಜಟಕಾ ಸಾಬಿ ಲಗಾಮು ಬಿಟ್ಟು ಕೆಳಗಿಳಿದ. "ಜಲ್ದಿ ಹೇಳಿ ಸಾಮಿ. ನಿಮಗೆ ಊಟ ಬ್ಯಾಡ ಅಂದ್ರೆ ಬ್ಯಾಡ. ನನ್ನ ಕುದ್ರೆಗೂ ಹೊಟ್ಟೆ ಅಂತ ಒಂದೈತೆ. ಅದಕ್ಕೆ ಹುಲ್ಲು ಯಾವ ಊರ್ದು ಅಂತ ಕೇಳೋ ಚಾಳಿ ಇಲ್ಲ."

"ನೋಡಿದ್ರಾ, ಹಸಿದವನ ಮಾತು ಎಷ್ಟು ಒರಟಾಗಿರುತ್ತೆ" ಎಂದು ಮೇಷ್ಟ್ರು ನನಗೆ ಹೇಳಿದರು. ನನಗೂ ಹಸಿದಿತ್ತು; ಆದ್ದರಿಂದ ನಾನು ಉತ್ತರ ಕೊಡಲಿಲ್ಲ. ಅಂದು ನಾವು ಉಂಡದ್ದು ಹುರಿಗಡಲೆ.

ಪಾವಗಡದಲ್ಲಿ ಊಟದ ಮನೆ ನಡೆಸುತ್ತಿದ್ದ ಒಬ್ಬ ತೆಲುಗು ಹೆಂಗಸು ಮಾತ್ರ ಅವರನ್ನು ಗೆದ್ದಳು. ಇವರು ಹಿತ್ತಲಿಗೆ ಹೊರಟದ್ದನ್ನು ಕಂಡು ಸೌಟು ಹಿಡಿದೇ ಅಡ್ಡ ಬಂದಳು. "ಏಮಿ ಸಾಮಿ, ತಿಂಟಾರಾ ಲೇದಾ? ಉಣ್ಣೋದಿದ್ರೆ ಕೂಡ್ರಿ, ಹಿತ್ಲು ನೋಡೋದಿದ್ರೆ ಊರ ತುಂಬಾ ಹಿತ್ಲೈತೆ." ಇವರು ತೆಪ್ಪಗೆ ಕುಳಿತು ಉಂಡರು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ "ಆಗಬಹುದು" ಎಂದರು. "ಆದ್ರೆ" ಹೇಳಲು ಅವರ ನಾಲಗೆ ಏಳಲಿಲ್ಲ. ಆ ತಾಯಿಯನ್ನು ಮಧುಗಿರಿಗೆ ವರ್ಗ ಮಾಡಿಸುವ ಹಾಗಿದ್ದರೆ ನಾನೇ ಅರ್ಜಿ ಹಾಕುತ್ತಿದ್ದೆ.

ಇಷ್ಟೆಲ್ಲ ಆದಮೇಲೂ ಅವರ ಜೊತೆ ಏಕಿದ್ದಿರಿ ಎಂದು ಕೇಳಬಹುದು. ನನಗೆ ಒಮ್ಮೆ ಜ್ವರ ಬಂದು ಮಲಗಿದಾಗ ದಿನವೂ ಮನೆಯಿಂದ ಗಂಜಿ ತಂದುಕೊಟ್ಟವರು ಅವರೊಬ್ಬರೇ. ಅದು ಬೆಟ್ಟದ ಬುಡದ ಅವರ ಮನೆಯಿಂದ ನನ್ನ ಕೋಣೆಗೆ ಬರುವಷ್ಟರಲ್ಲಿ ಅರ್ಧವಾಗಿರುತ್ತಿತ್ತು. ದಾರಿಯಲ್ಲಿ ಉಪ್ಪು ಸರಿಯಾಗಿದೆಯೋ, ಆರಿಹೋಯಿತೋ ಎಂದು ಕುಡಿದು ಕುಡಿದು ನೋಡುತ್ತಿದ್ದರು. ಬೈಯುವುದಕ್ಕೆ ನನ್ನಲ್ಲಿ ಶಕ್ತಿಯಿರಲಿಲ್ಲ.

ಅವರ ಹೆಂಡತಿ ಬಹಳ ಹಿಂದೆಯೇ ಹೋಗಿದ್ದರು. ಮನೆಯಲ್ಲಿ ಒಬ್ಬ ಅಕ್ಕ, ಒಬ್ಬಳೇ ಮಗಳು ಗಿರಿಜೆ. ಮಗಳು ಇವರಂತಲ್ಲ. ತರಕಾರಿ ಕೊಳ್ಳುವುದನ್ನು ನೋಡಿದ್ದೇನೆ: ಮುಟ್ಟಿದಳು, ತೆಗೆದುಕೊಂಡಳು, ನಡೆದಳು. ಆ ಹುಡುಗಿಗೆ ಆಗಲೇ ಹತ್ತೊಂಬತ್ತು ದಾಟಿತ್ತು. ಆ ಕಾಲಕ್ಕೆ ಅದು ತಡವೇ. ತಡವಾದದ್ದಕ್ಕೆ ಕಾರಣ, ಬೇರೆ ಏನೂ ಅಲ್ಲ, ಊಟ.

ನಮ್ಮ ಲಿಂಗಾಯತರ ಮನೆಗಳಲ್ಲಿ ಆಗ ಒಂದು ಕಟ್ಟುನಿಟ್ಟಿತ್ತು. ಹೆಣ್ಣು ನೋಡಲು ಬಂದವರು ಮಾತು ಮುಗಿಯುವ ತನಕ ಹೆಣ್ಣಿನ ಮನೆಯಲ್ಲಿ ಅನ್ನ ಮುಟ್ಟುವಂತಿಲ್ಲ. ಹಾಲು, ಹಣ್ಣು, ಸಕ್ಕರೆ ಆಗಬಹುದು. ಅನ್ನ ಉಂಡರೆ ಒಪ್ಪಿದಂತೆ. ದೂರದಿಂದ ಬರುವವರು ಊರಿನ ಬೇರೆ ನಂಟರ ಮನೆಯಲ್ಲಿ ಉಂಡು ಬರುವರು. ಮೇಷ್ಟ್ರಿಗೆ ಮಧುಗಿರಿಯಲ್ಲಿ ಅಂಥ ನಂಟರಿರಲಿಲ್ಲ. ಹಾಗಾಗಿ ಬಂದವರಿಗೆ ಹೋಟೆಲೇ ಗತಿ. ಯಾವ ಹೋಟೆಲು ಎಂಬುದನ್ನು ಗೊತ್ತುಮಾಡಬೇಕಾದವರು, ದೇವರೇ ಕಾಪಾಡಬೇಕು, ಇವರು!

ಮೊದಲ ಸಲ ತುಮಕೂರಿನ ಕಡೆಯಿಂದ ಒಂದು ಗುಂಪು ಬಂತು. ಇವರು ಅವರನ್ನು ಬಿಸಿಲಲ್ಲಿ ಹೋಟೆಲಿನಿಂದ ಹೋಟೆಲಿಗೆ ನಡೆಸಿ, ಎಸೆದ ಎಲೆ ತೋರಿಸಿ, ಬಾವಿ ತೋರಿಸಿ, ಕೊನೆಗೆ ಎಲ್ಲೂ ಕೂರಿಸಲಿಲ್ಲ. ಅವರು ಬಾಳೆಹಣ್ಣು ತಿಂದು, ಹುಡುಗಿಯನ್ನು ನೋಡದೆಯೇ ಬಸ್ಸು ಹತ್ತಿ ಹೋದರು. ಊರಲ್ಲಿ ಮಾತು ಬೇರೆ ಥರ ಹರಡಿತು: ಬಂದವರು ನೋಡದೆ ಹಿಂತಿರುಗಿದರೆಂದರೆ ಹುಡುಗಿಯಲ್ಲೇ ಏನೋ ಊನ ಇರಬೇಕು.

ಆದ್ದರಿಂದ ಬರಗೂರಿನ ಸಂಬಂಧ ಬಂದಾಗ ನಾನು ಮಧ್ಯೆ ಬಾಯಿ ಹಾಕಲೇಬೇಕಾಯಿತು. ಹುಡುಗ ಶಿರಾದಲ್ಲಿ ಶೇಕ್ದಾರ, ಕಂದಾಯದ ಕೆಲಸ. ತಂದೆಯಿಲ್ಲ, ಮನೆಯ ಹಿಡಿತ ತಾತನದು. ಇದೂ ಹೀಗೆ ಹಿಂತಿರುಗಿದರೆ ಗಿರಿಜೆಗೆ ಮತ್ತೆ ಯಾರೂ ಬರುವುದಿಲ್ಲವೆಂದು ಅಕ್ಕ ನನ್ನ ಮುಂದೆ ಕಣ್ಣೊರೆಸಿಕೊಂಡರು.

ನಾನು ದಿನವೂ ಉಣ್ಣುತ್ತಿದ್ದದ್ದು ಬಸ್ಸು ನಿಲ್ಲುವಲ್ಲಿದ್ದ ರುದ್ರಣ್ಣನ ಹೋಟೆಲಿನಲ್ಲಿ. ನಮ್ಮವರದೇ. ಅನ್ನ, ಮುದ್ದೆ, ಒಂದು ಸಾರು, ಒಂದು ಪಲ್ಯ, ತುಪ್ಪ, ಮಜ್ಜಿಗೆ. ಹೊತ್ತಿಗೆ ಸರಿಯಾಗಿ ಹಾಕುತ್ತಾನೆ. ಹೋಟೆಲಿನಿಂದ ಮನುಷ್ಯನಿಗೆ ಇನ್ನೇನು ಬೇಕು? "ಅಲ್ಲೇ ಉಣ್ಣಲಿ" ಎಂದೆ.

ಮೇಷ್ಟ್ರು ಪರೀಕ್ಷೆಗೆ ತೊಡಗಿದರು. ಶಾಲೆ ಬಿಟ್ಟೊಡನೆ ಅಲ್ಲಿಗೆ ಹೋಗುವರು. ಸಾರನ್ನು ಸೋಮವಾರ ಒಂದು ಸಲ, ಸಂತೆಯ ದಿನ ಒಂದು ಸಲ ರುಚಿ ನೋಡುವರು. ಜನ ಹೆಚ್ಚಿದಾಗ ನೀರಾಗುತ್ತದೆಯೋ ಎಂದು. ಕೂರುವ ಮಣೆಗಳನ್ನು ಅಲ್ಲಾಡಿಸಿ ನೋಡುವರು. ರುದ್ರಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ಸ್ವಾಮಿ, ಇವ್ರು ಊಟಕ್ಕೆ ಬತ್ತಾರೋ, ನನ್ನ ಹೋಟ್ಲನ್ನೇ ಮದ್ವೆ ಮಾಡ್ಕೊಳಾಕೆ ಬತ್ತಾರೋ?"

"ಸ್ವಲ್ಪ ಸಹಿಸ್ಕೊಳ್ಳಪ್ಪ. ಒಂದು ಹುಡುಗಿ ಬಾಳಿನ ಪ್ರಶ್ನೆ."

"ಸಹಿಸ್ಕೊಂಡೇ ಇವ್ನಿ. ನಿನ್ನೆ ನಮ್ಮನೆಯೋಳ್ನ ಉಗುರು ತೋರ್ಸಮ್ಮ ಅಂದ್ರು. ಅವ್ಳು ಸೌಟು ತೋರ್ಸಿದ್ಲು."

ಕೊನೆಗೆ "ಆಗಬಹುದು" ಬಂತು. "ಆದ್ರೆ" ಬರುವ ಮೊದಲೇ ನಾನು ಹೇಳಿಬಿಟ್ಟೆ: "ಅವರನ್ನ ಬಸ್ಸಿಂದ ಇಳಿಸ್ಕೊಳ್ಳೋದು, ಊಟಕ್ಕೆ ಕೂರಿಸೋದು, ಮನೆಗೆ ಕರ್ಕೊಂಡು ಬರೋದು, ಎಲ್ಲ ನಾನು. ನೀವು ಮನೇಲಿ ಕೂತಿರಿ. ಹೋಟೆಲಿನ ಕಡೆ ತಲೆ ಹಾಕಕೂಡದು. ನಿಮ್ಮ ಕೈ ತಗುಲಿದ್ರೆ ಅದು ಹೆಣ್ಣಿನ ಮನೆ ಊಟ ಆಗುತ್ತೆ. ತಿಳೀತೇ?"

"ಅಷ್ಟು ತಿಳಿಯಲ್ವೇನ್ರೀ ನನಗೆ?" ಎಂದು ನೊಂದುಕೊಂಡರು.

ಆ ದಿನ ಬಸ್ಸು ಬಂತು. ತಾತ, ಹುಡುಗನ ಸೋದರಮಾವ, ಹುಡುಗ, ಮೂವರು ಇಳಿದರು. ತಾತ ಗಟ್ಟಿ ಮುದುಕ, ಹೆಗಲ ಮೇಲೆ ಕಂಬಳಿ, ಮಾತು ಕಡಿಮೆ. ಹುಡುಗ ಸಂಕೋಚದವನು, ಕಂದಾಯ ಹೇಗೆ ವಸೂಲು ಮಾಡುತ್ತಿದ್ದನೋ ಕಾಣೆ. ಬೆಳಗಿನ ಪೂಜೆ ಊರಿನಲ್ಲೇ ಮುಗಿಸಿ ಬಂದಿದ್ದರು. ಕೈಕಾಲು ತೊಳೆಸಿ ಕೂರಿಸಿದೆ. ಎಲೆ ಬಿತ್ತು, ಅನ್ನ ಬಿತ್ತು, ಸಾರು ಬಿತ್ತು. ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ನನ್ನ ಆಯುಷ್ಯದಲ್ಲಿ ಅಷ್ಟು ಸಮಾಧಾನದ ಗಳಿಗೆ ಬಹಳ ಕಡಿಮೆ.

ಆಗ ಬಾಗಿಲಲ್ಲಿ ಪೇಟ ಕಾಣಿಸಿತು. ಕೈಯಲ್ಲಿ ಹಿತ್ತಾಳೆಯ ಗಿಂಡಿ. ನಾನು ಏಳುವಷ್ಟರಲ್ಲಿ ಮೇಷ್ಟ್ರು ಒಳಗೆ ಬಂದು, ಬಗ್ಗಿ, ಮೂರೂ ಎಲೆಗಳ ಅನ್ನದ ಮೇಲೆ ತುಪ್ಪ ಸುರಿದೇಬಿಟ್ಟರು.

"ರುದ್ರಣ್ಣನ ತುಪ್ಪ ನಿನ್ನೆ ಯಾಕೋ ಘಮ್ ಅನ್ನಲಿಲ್ಲ. ಅದಕ್ಕೇ ತಂದೆ" ಎಂದು ಎಲ್ಲರನ್ನೂ ನೋಡಿ ನಕ್ಕರು.

ತಾತನ ಕೈ ಎಲೆಯ ಮೇಲೆ ನಿಂತಿತು. "ಯಾರಪ್ಪ ನೀವು?"

"ನಾನೇ ಹುಡುಗಿ ತಂದೆ, ಯಜಮಾನ್ರೆ."

"ಇದು ಯಾರ ಮನೆ ತುಪ್ಪ?"

"ನಮ್ಮನೇದೇ. ನಮ್ಮಕ್ಕ ಬೆಳಿಗ್ಗೆ ಕಾಯ್ಸಿದ್ದು. ನೀವು ಸಂಕೋಚ ಪಡಬೇಡಿ."

ರುದ್ರಣ್ಣ ಗೋಡೆಗೆ ಒರಗಿ, "ಕೆಡ್ತು ಕೆಲ್ಸ" ಎಂದ. ಆಗ ಮೇಷ್ಟ್ರಿಗೆ ಹೊಳೆಯಿತು. ಗಿಂಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಮುಚ್ಚಿಟ್ಟರೆ ಸುರಿದದ್ದು ಹಿಂದಕ್ಕೆ ಬರುವುದೋ ಎಂಬಂತೆ.

ಸೋದರಮಾವ ಕೆರಳಿದ. "ನೋಡಿದ್ಯಾ ಮಾವಯ್ಯ? ಹೋಟ್ಲು ಅಂತ ಕರ್ಕಬಂದು ಮನೆ ಊಟ ಇಕ್ಬುಟ್ರು. ಹುಡ್ಗಿ ನೋಡೋಕ್ ಮುಂಚೇನೇ ನಮ್ಮುನ್ನ ಕಟ್ಟಾಕೋ ಹುನ್ನಾರ. ಎದ್ಬುಡಾನ ನಡಿ."

"ಎಲೆ ಮ್ಯಾಲೆ ಬಿದ್ದ ಪ್ರಸಾದ ಬುಟ್ಟು ಏಳ್ತೀಯೇನ್ಲಾ?" ಎಂದರು ತಾತ.

"ಉಂಡ್ರೆ ಒಪ್ಪಿದಂಗಾಯ್ತದಲ್ಲ!"

"ಬುಟ್ರೆ ಏನಾಯ್ತದೆ ಅಂತ ನಾನು ಹೇಳ್ಬೇಕಾ ನಿಂಗೆ?"

ಮಠದಲ್ಲಿ ಬೆಳೆದ ನಾನೂ ಏನು ಹೇಳಲಿ? ಬಡಿಸಿದ್ದನ್ನು ಬಿಟ್ಟು ಏಳುವಂತಿಲ್ಲ. ಹೆಣ್ಣಿನ ಮನೆಯದನ್ನು ಉಣ್ಣುವಂತಿಲ್ಲ. ಎರಡೂ ನಮ್ಮದೇ ಕಟ್ಟಳೆ. ಎರಡೂ ಸರಿ. ಅವೆರಡನ್ನೂ ಒಂದೇ ಎಲೆಯ ಮೇಲೆ ತಂದು ಸುರಿಯಬಲ್ಲ ಮನುಷ್ಯ ಇಡೀ ಸೀಮೆಯಲ್ಲಿ ಒಬ್ಬನೇ ಇದ್ದ. ಅವನು ನನ್ನ ಪಕ್ಕದಲ್ಲಿ ನಿಂತು ಬೆವರುತ್ತಿದ್ದ.

ತಾತ ಎಡಗೈಯಿಂದ ಹೆಗಲ ಕಂಬಳಿಯನ್ನು ಇಳಿಸಿ ಪಕ್ಕಕ್ಕಿಟ್ಟರು. ಆಮೇಲೆ ಅನ್ನ ಕಲಸಿದರು. "ಉಣ್ಲಾ ಮಗ."

"ತಾತ, ನಾನಿನ್ನೂ ಹುಡುಗೀನೇ ನೋಡಿಲ್ಲ" ಎಂದ ಶೇಕ್ದಾರ.

"ತುಪ್ಪ ನೋಡ್ದಲ್ಲಾ. ಉಣ್ಣು."

ಉಂಡರು. ಒಂದು ಅಗುಳು ಬಿಡದೆ ಉಂಡರು, ಸಿಟ್ಟಿನಿಂದ ಉಂಡರು. ಸಿಟ್ಟಿನಿಂದ ಉಂಡ ಅನ್ನದ ಮೇಲೆ ನಡೆಯುವ ಮದುವೆಯಲ್ಲಿ ಆ ಹುಡುಗಿ ಎಂಥ ಬಾಳು ಬಾಳಿಯಾಳು ಎಂದು ನಾನು ಯೋಚಿಸಿದೆ. ಅವರು ಒಪ್ಪದೆ ಹೋಗಿದ್ದರೆ ಒಂದು ಕಷ್ಟ. ಹೀಗೆ ಒಪ್ಪಿದ್ದು ಅದಕ್ಕಿಂತ ದೊಡ್ಡ ಕಷ್ಟ.

ಮನೆಗೆ ಹೋದೆವು. ಮೇಷ್ಟ್ರು ಎಲ್ಲರ ಹಿಂದೆ, ಗಿಂಡಿ ಹಿಡಿದುಕೊಂಡು ಬಂದರು. ತಾತ ಪಡಸಾಲೆಯಲ್ಲಿ ಕುಳಿತು, ಹಾಲು ಕೊಟ್ಟರೆ ಮುಟ್ಟಲಿಲ್ಲ. ಗಿರಿಜೆ ಬಂದು ನಮಸ್ಕಾರ ಮಾಡಿ ನಿಂತಳು.

"ನೋಡೋದೇನೂ ಉಳ್ದಿಲ್ಲ ಕಣಮ್ಮ" ಎಂದರು ತಾತ. "ನಿಮ್ಮಪ್ಪ ನಮಗೆ ತುಪ್ಪ ಬುಟ್ಟು ಮಾತು ಮುಗಿಸ್ಬುಟ್ಟವ್ರೆ. ಉಂಡಾಯ್ತು. ನೀನು ಹೆಂಗಿದ್ರೂ ಇನ್ನು ನಮ್ಮನೆಯೋಳು. ಲಗ್ನ ಇಟ್ಕಳ್ಳಿ."

ಅಕ್ಕನ ಮುಖ ಅರಳಿತು. ಲಗ್ನ ಎಂಬ ಮಾತೊಂದೇ ಅವರಿಗೆ ಕೇಳಿಸಿದ್ದು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕೋಟು ಹಿಡಿದು ಎಳೆದು ಕೂರಿಸಿದೆ. ಅಷ್ಟರಲ್ಲಿ ಹುಡುಗಿಯೇ ಮಾತಾಡಿದಳು.

"ತಾತ, ನೀವು ಉಂಡಿದ್ದೀರಿ. ನಾನಿನ್ನೂ ಉಂಡಿಲ್ಲ."

"ಹಂಗಂದ್ರೆ?"

"ಅಪ್ಪಾಜಿ ನಿಮ್ಮನ್ನ ಕಟ್ಟಿಹಾಕೋಕೆ ತುಪ್ಪ ತರಲಿಲ್ಲ. ಅವರಿಗೆ ಯಾವ ಹೋಟ್ಲು ಮೇಲೂ ನಂಬಿಕೆ ಇಲ್ಲ, ಅಷ್ಟೆ. ಬೇಕಾದ್ರೆ ಊರಲ್ಲಿ ಯಾರನ್ನಾದ್ರೂ ಕೇಳಿ, ನಗ್ತಾರೆ. ಈ ಊಟ ಲೆಕ್ಕಕ್ಕಿಲ್ಲ ಅಂದ್ಬಿಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಲೆಕ್ಕಕ್ಕಿದೆ ಅನ್ನೋದಾದ್ರೆ ಅದು ನಿಮ್ಮ ಒಪ್ಪಿಗೆ ಮಾತ್ರ. ನಾನು ನಿಮ್ಮನೆ ಅನ್ನ ಉಂಡ ಮೇಲೆ ತಾನೇ ನನ್ನದು?"

"ಗಿರಿಜಾ!" ಎಂದು ಅಕ್ಕ ಒಳಗಿಂದ ಕೂಗಿದರು. ಹೆಣ್ಣು ಗಂಡಿನ ಮನೆ ನೋಡಲು ಹೋಗುವುದನ್ನು ನಾವು ಯಾರೂ ಕೇಳಿರಲಿಲ್ಲ. ಸೋದರಮಾವ ಮತ್ತೆ ಎದ್ದು ನಿಂತ. ಶೇಕ್ದಾರ ಮಾತ್ರ ಮೊದಲ ಬಾರಿಗೆ ತಲೆಯೆತ್ತಿ ಹುಡುಗಿಯನ್ನು ನೋಡಿದ; ನೋಡಿದವನು ಕಣ್ಣು ತೆಗೆಯಲಿಲ್ಲ.

ತಾತ ಹಾಲಿನ ಲೋಟ ತೆಗೆದುಕೊಂಡರು. ಕುಡಿದು ಕೆಳಗಿಟ್ಟು, ಮೀಸೆ ಒರೆಸಿಕೊಂಡರು.

"ಬಾರವ್ವ ಹಂಗಾದ್ರೆ. ಬರೋ ಸೋಮವಾರ. ಉಂಡು ನೋಡು. ಹಿಡೀದಿದ್ರೆ ಎದ್ದೋಗು, ನಾನು ಒಂದು ಮಾತಾಡಾಕಿಲ್ಲ."

ಸೋಮವಾರದ ತನಕ ಮೇಷ್ಟ್ರು ನನ್ನ ಪ್ರಾಣ ತಿಂದರು. ಹೋಗುವುದು ಸರಿಯೇ, ಹೋಗದಿದ್ದರೆ ಸರಿಯೇ, ಹೋದರೆ ಊರವರು ಏನೆಂದಾರು, ಹೋಗದಿದ್ದರೆ ಬರಗೂರಿನವರು ಏನೆಂದಾರು. ನಾನು ಬಸ್ಸಿನ ಹೊತ್ತಿಗೆ ಅವರ ಮನೆಗೆ ಹೋಗಿ, ತಂದೆ ಮಗಳಿಬ್ಬರನ್ನೂ ಹೊರಡಿಸಿಕೊಂಡು ನಡೆದೆ. ಆ ಮನುಷ್ಯನನ್ನು ಅವರ ಪಾಡಿಗೆ ಬಿಟ್ಟಿದ್ದರೆ ಇವತ್ತಿಗೂ ಹೊಸ್ತಿಲಲ್ಲೇ ಇರುತ್ತಿದ್ದರು.

ಬರಗೂರಿನ ಮನೆ ದೊಡ್ಡದು. ತೊಟ್ಟಿಯ ಸುತ್ತ ಹೆಂಗಸರು ತುಂಬಿದ್ದರು. ಇಂಥ ಹುಡುಗಿಯನ್ನು ನೋಡಲೆಂದೇ ಬಂದವರು. ಗಂಡಸರ ಪಂಕ್ತಿಯಲ್ಲೇ ಗಿರಿಜೆಗೂ ಎಲೆ ಹಾಕಿಸಿದರು ತಾತ. "ಇವತ್ತು ಅವಳು ಉಂಡ ಮ್ಯಾಕೆ ನಾವು" ಎಂದರು. ಬಡಿಸಿದವರು ಹುಡುಗನ ತಾಯಿ. ಮುಖದಲ್ಲಿ ನಗುವಿರಲಿಲ್ಲ. ಮುದ್ದೆ ಇಟ್ಟರು, ಅವರೆಕಾಳಿನ ಸಾರು ಬಿಟ್ಟರು, ಸೆರಗು ಬಿಗಿದುಕೊಂಡು ಕಂಬದ ಪಕ್ಕ ನಿಂತರು. ತನ್ನ ಕೈಯಡುಗೆಯನ್ನು ಒರೆಗೆ ಹಚ್ಚಲು ಬಂದ ಸೊಸೆಯನ್ನು ಯಾವ ತಾಯಿ ತಾನೇ ನಗುತ್ತ ನೋಡಿಯಾಳು?

ಮೇಷ್ಟ್ರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಮೂಸಲಿಲ್ಲ. ಹಿತ್ತಲ ಕಡೆ ನೋಡಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮಗಳ ಬಲಗೈಯನ್ನೇ ನೋಡುತ್ತಿದ್ದರು.

ಗಿರಿಜೆ ಮುದ್ದೆ ಮುರಿದಳು. ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ನುಂಗಿದಳು. ಇನ್ನೊಂದು ತುತ್ತು. ಮತ್ತೊಂದು. ತೊಟ್ಟಿಯ ಹೆಂಗಸರು ಪಿಸುಮಾತು ನಿಲ್ಲಿಸಿದರು. ಅವಳು ಆತುರವೇ ಇಲ್ಲದೆ ಅರ್ಧ ಮುದ್ದೆ ಉಂಡಳು. ಆಮೇಲೆ ಕಂಬದ ಕಡೆ ತಿರುಗಿದಳು.

"ಅತ್ತೆ, ಇನ್ನೊಂದು ಚೂರು ಸಾರು ಬಿಡಿ."

ಆ ತಾಯಿ ಬಿಗಿದ ಸೆರಗನ್ನು ಸಡಿಲಿಸಿದರು. ಆಮೇಲೆ ಸೌಟು ತೆಗೆದುಕೊಂಡು ಬಂದು, ಎಲೆಯ ಮುಂದೆ ಮಂಡಿಯೂರಿ ಕುಳಿತರು. "ಬುಡ್ತೀನಿ ತಾಯಿ. ನಿಧಾನಕ್ಕೆ ಉಣ್ಣು, ಯಾರೂ ಓಡಿಸ್ಕೊಂಡು ಬತ್ತಾ ಇಲ್ಲ."

ತಾತ "ಊಂ" ಎಂದರು. ಪಂಕ್ತಿಯಲ್ಲಿ ಎಲ್ಲರ ಕೈಯೂ ಎಲೆಗೆ ಹೋಯಿತು. ಮೇಷ್ಟ್ರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ, ಏನು ಬಡಿಸಿದೆಯೆಂದೂ ನೋಡದೆ ಉಣ್ಣತೊಡಗಿದರು. ನನ್ನ ಎಲೆಯ ಮೇಲಿನ ಮುದ್ದೆ ಅಷ್ಟು ಹೊತ್ತಿಗೆ ಆರಿ ಕಲ್ಲಾಗಿತ್ತು. ಉಂಡೆ.